ಕಪ್ಪು ಬೆರಳು, ತಣ್ಣನೆಯ ಪಾದ

ಹಲ್ಲು ನೋವೆಂದರೆ ಜನ ದವಾಖಾನೆಗೆ ಓಡಿ ಬರುತ್ತಾರೆ. ಕಾಲಿನ ಬೆರಳು ಸತ್ತರೆ ಯಾರೂ ಬರುವುದಿಲ್ಲ, ಯಾಕೆಂದರೆ ಸತ್ತ ಬೆರಳು ನೋಯುವುದಿಲ್ಲ. ಎಂಬತ್ತು-ತೊಂಬತ್ತರ ದಶಕದಲ್ಲಿ ಲಿಂಗಸುಗೂರು, ಸಿಂಧನೂರು, ಮಸ್ಕಿ ಎಂದು ಸರ್ಕಾರ ಎತ್ತಿ ಹಾಕಿದಲ್ಲೆಲ್ಲ ಡಾಕ್ಟರಿಕೆ ಮಾಡಿದ ನನಗೆ ಈ ಗ್ಯಾಂಗ್ರೀನ್ ಗಂಟುಬಿದ್ದು ಕಾಡಿತು. ರಕ್ತ ಹರಿಯುವುದು ನಿಂತು ಮಾಂಸ ಸಾಯುವುದೇ ಗ್ಯಾಂಗ್ರೀನ್. ನಮ್ಮ ಕಡೆ ಅದು ಹೆಚ್ಚಾಗಿ ಸಕ್ಕರೆ ಕಾಯಿಲೆಯವರಿಗೆ, ಬೀಡಿ ಬಿಡದವರಿಗೆ ಬರುತ್ತಿತ್ತು. ಅದರಲ್ಲಿ ನಗುವಂಥದ್ದು ಏನೂ ಇಲ್ಲ. ಆದರೆ ಅದನ್ನು ಹೊತ್ತು ತರುವ ಜನ ಇದ್ದಾರಲ್ಲ, ಅವರು ನಗಿಸದೆ ಬಿಡುವವರಲ್ಲ.

ಕಪಾಟಿನ ಕೀಲಿ

ಲಿಂಗಸುಗೂರಿನಲ್ಲಿ ಒಬ್ಬ ಬಟ್ಟೆ ಅಂಗಡಿ ಸಾಹುಕಾರರಿದ್ದರು. ಸಕ್ಕರೆ ಕಾಯಿಲೆ ಹಳೆಯದು. ಬೂಟು ಹಾಕದೆ ಅಂಗಡಿಗೆ ಹೋದರೆ ಇಜ್ಜತ್ ಉಳಿಯುವುದಿಲ್ಲ ಎಂಬ ನಂಬಿಕೆ ಅದಕ್ಕಿಂತ ಹಳೆಯದು. ಒಂದು ದಿನ ಬಿ.ಪಿ. ತೋರಿಸಲು ಬಂದವರು ಸಿಟ್ಟಿನಿಂದ ಕುದಿಯುತ್ತಿದ್ದರು.

"ಕಪಾಟಿನ ಕೀಲಿ ಕಳದೈತ್ರಿ ಸಾಹೇಬ್ರ. ಮುಂಜಾನಿಂದ ಮನಿ, ಅಂಗಡಿ ಎಲ್ಲಾ ಹುಡುಕಿ ಹುಡುಕಿ ಸಾಕಾತು. ಮನ್ಯಾಗ ಒಬ್ಬರಿಗೂ ಜವಾಬ್ದಾರಿ ಇಲ್ಲ."

ಹೆಂಡತಿ ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದರು. ಸಕ್ಕರೆ ಕಾಯಿಲೆಯವರ ಪಾದ ನೋಡದೆ ಕಳಿಸುವುದು ನನ್ನ ಪದ್ಧತಿಯಲ್ಲ. ಬೂಟು ಬಿಚ್ಚಿಸಿದೆ. ಕೀಲಿ ಅಂಗಾಲಿಗೆ ಅಂಟಿಕೊಂಡಿತ್ತು. ಆ ಮನುಷ್ಯ ಮುಂಜಾನೆಯಿಂದ ಕೀಲಿಯನ್ನು ತುಳಿಯುತ್ತಲೇ ಕೀಲಿ ಹುಡುಕಿದ್ದರು!

"ಸಿಕ್ತು!" ಎಂದು ಅದನ್ನು ಕಿತ್ತುಕೊಂಡು ಎದ್ದೇಬಿಟ್ಟರು.

"ಕೂಡ್ರಿ. ಕೆಳಗ ಹಳೇ ಗಾಯ ಐತಿ, ಅಂಚು ಕಪ್ಪಾಗಾಕತ್ತೈತಿ."

"ನೋವ ಇಲ್ಲಲ್ರಿ!"

"ನೋವಿಲ್ಲ ಅನ್ನೋದ ನಿಮ್ಮ ಬ್ಯಾನಿ."

ಬೇಗ ಸಿಕ್ಕಿದ್ದರಿಂದ ಆ ಕಾಲು ಉಳಿಯಿತು. ದಿನಾ ಮಲಗುವ ಮುಂಚೆ ಅಂಗಾಲು ನೋಡಿಕೊಳ್ಳಬೇಕು, ಬೂಟು ಹಾಕುವ ಮುಂಚೆ ಝಾಡಿಸಿ ಕೊಡವಬೇಕು ಎಂದು ಹೇಳಿ ಕಳಿಸಿದೆ. ಸಾಹುಕಾರರು ಮರೆತರೂ ಅವರ ಹೆಂಡತಿ ಮರೆಯಲಿಲ್ಲ. ಮುಂದೆ ಆ ಮನೆಯಲ್ಲಿ ಲೋಟ ಕಳೆದರೂ, ಲಟ್ಟಣಿಗೆ ಕಳೆದರೂ ಆಕೆ ಮೊದಲು ಹೇಳುತ್ತಿದ್ದ ಮಾತು ಒಂದೇ: "ನಿಮ್ಮ ಬೂಟು ತಗೀರಿ, ನೋಡೂಣು."

ಸತ್ತ ಇಲಿ

ದಢೇಸುಗೂರಿನ ಕಡೆ ಕಾಲುವೆ ಬಂದ ಮೇಲೆ ಭತ್ತ ಬಂತು, ಭತ್ತದ ಹಿಂದೆ ಇಲಿ ಬಂತು. ಹಾಗಾಗಿ ಅಲ್ಲೊಂದು ಮನೆಯಲ್ಲಿ ಕೆಟ್ಟ ವಾಸನೆ ಎದ್ದಾಗ ಯಾರಿಗೂ ಬೇರೆ ಅನುಮಾನ ಬರಲಿಲ್ಲ. ಎಲ್ಲೋ ಇಲಿ ಸತ್ತಿದೆ ಎಂದು ಭತ್ತದ ಚೀಲ ಎಲ್ಲ ಹೊರಗೆ ಹಾಕಿದರು. ಮಾಡಿನ ಹಂಚನ್ನೂ ಇಳಿಸಿದರು. ಮುಂದೆ ನಿಂತು ಈ ಕೆಲಸ ಮಾಡಿಸಿದವನು ಮನೆಯ ಹಿರಿಯ ಮುದುಕ. ಕಾಲಿಗೆ ಸಣ್ಣ ಗಾಯವಾಗಿ ಅರಿಶಿನದ ಬಟ್ಟೆ ಸುತ್ತಿಕೊಂಡಿದ್ದ. ಕೋಲಿನಿಂದ ಸಂದಿ ಸಂದಿ ತಿವಿಯುತ್ತ, "ಇಲ್ಲೇ ಐತಿ ನೋಡ್ರಲೇ, ಇಲ್ಲೇ ನಾರಾಕತ್ತೈತಿ" ಎನ್ನುತ್ತಿದ್ದ. ಅವನು ನಿಂತಲ್ಲೆಲ್ಲ ನಾರುತ್ತಿದ್ದದ್ದೂ ನಿಜವೇ.

ಸೊಸೆಗೆ ವಿಷಯ ಹೊಳೆದಿತ್ತು. ಆದರೆ ಮಾವನ ಮುಂದೆ ನಿಂತು ಮಾತಾಡುವ ರೂಢಿ ಆ ಮನೆಯಲ್ಲಿ ಇರಲಿಲ್ಲ. ಗಂಡನಿಗೆ ಮೆಲ್ಲಗೆ ಹೇಳಿದಳಂತೆ: "ಇಲಿ ಸತ್ತಿಲ್ಲರೀ, ತಿರುಗ್ಯಾಡಾಕತ್ತೈತಿ. ಕೈಯಾಗ ಕೋಲೂ ಐತಿ."

ಮಗ ಆಗಲೇ ಮುದುಕನನ್ನು ಸಿಂಧನೂರಿಗೆ, ನನ್ನ ದವಾಖಾನೆಗೆ ಕರೆತಂದ. ಬಟ್ಟೆ ಬಿಚ್ಚಿದೆ. ಎರಡು ಬೆರಳು ಕಪ್ಪಾಗಿ ಕೀವು ಸೋರುತ್ತಿತ್ತು. ಇದು ಹಸಿ ಗ್ಯಾಂಗ್ರೀನ್, ವಾಸನೆ ಬರುವಂಥದ್ದು, ತಡಮಾಡಿದರೆ ಜೀವಕ್ಕೇ ಕುತ್ತು. ಅಂದೇ ಎರಡನ್ನೂ ತೆಗೆದೆ, ಮುದುಕ ಉಳಿದ.

ಕಥೆ ಇಷ್ಟಕ್ಕೇ ಮುಗಿದಿದ್ದರೆ ನನಗೊಂದು ಹೆಸರು ಬರುತ್ತಿತ್ತು. ಇಳಿಸಿದ ಹಂಚು ಮತ್ತೆ ಹೊದಿಸುವಾಗ ತೊಲೆಯ ಸಂದಿಯಲ್ಲಿ ನಿಜವಾಗಿಯೂ ಒಂದು ಇಲಿ ಸತ್ತು ಒಣಗಿದ್ದು ಸಿಕ್ಕಿತು. ಅಂದಿನಿಂದ ಮುದುಕ ಕಟ್ಟೆಯ ಮೇಲೆ ಕೂತು ಹೋಗಿಬರುವವರಿಗೆಲ್ಲ ಹೇಳುತ್ತಿದ್ದ: "ನಾ ಮೊದಲ ಹೇಳಿದ್ನಿ, ಇಲಿ ಐತಿ ಅಂತ. ಆ ಡಾಕ್ಟ್ರು ಸುಮ್ಮಸುಮ್ಮನ ನನ್ನ ಬೆರಳು ಕಡದಾನ."

ಒಂದು ಬಕೆಟ್ ನೀರು

ಮಸ್ಕಿಗೆ ಬಂದ ಮೇಲೆ, ಜನರಿಗೆ ತಿಳಿವಳಿಕೆ ಕೊಡದಿದ್ದರೆ ಇದು ಮುಗಿಯುವುದಿಲ್ಲ ಅನ್ನಿಸಿತು. ಸಂತೆಯ ದಿನ ಮೈಕು ಹಿಡಿದು ನಿಂತೆ. ಬೆರಳು ಕಪ್ಪಾದರೆ, ಮುಟ್ಟಿದರೆ ತಣ್ಣಗಿದ್ದರೆ, ಚಿವುಟಿದರೆ ಗೊತ್ತಾಗದಿದ್ದರೆ, ವಾಸನೆ ಬಂದರೆ ಕೂಡಲೇ ಬನ್ನಿ ಎಂದು ಗಂಟಲು ಹರಿಯುವಂತೆ ಕೂಗಿದೆ. ಜನ ಬಹಳ ಶ್ರದ್ಧೆಯಿಂದ ಕೇಳಿದರು.

ಮಾರನೆಯ ದಿನ ದವಾಖಾನೆಯ ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ. ಎಲ್ಲರ ಕಾಲೂ ಕಪ್ಪು. ಮಳೆಯಾದ ಎರೆ ಹೊಲದ ಕಪ್ಪು ಮಣ್ಣು ತುಳಿದು ನೆಟ್ಟಗೆ ಬಂದಿದ್ದರು! ಮಣ್ಣು ಮೆತ್ತಿ ಕಾಲು ತಣ್ಣಗೂ ಇದ್ದವು, ಚಿವುಟಿದರೆ ಗೊತ್ತಾಗುತ್ತಲೂ ಇರಲಿಲ್ಲ. ನರ್ಸಮ್ಮ ನನ್ನ ಮುಖ ನೋಡಿ ಒಂದು ಬಕೆಟ್ ನೀರು, ಒಂದು ಸಾಬೂನು ತಂದಿಟ್ಟರು. ಊಟದ ಹೊತ್ತಿಗೆ ಅಷ್ಟೂ ಗ್ಯಾಂಗ್ರೀನ್ ತೊಳೆದುಹೋಯಿತು.

ಒಬ್ಬನದು ಮಾತ್ರ ಹೋಗಲಿಲ್ಲ. ಪಾಮನಕಲ್ಲೂರಿನ ಒಬ್ಬ ಮುದುಕ ಗೌಡ ತನ್ನ ಹೆಬ್ಬೆರಳನ್ನು ಬಹಳ ಹೊತ್ತು ಉಜ್ಜಿದ. ಕೊನೆಗೆ ತಲೆ ಎತ್ತಿ, "ನಿಮ್ಮ ಸಾಬೂನು ಛಲೋ ಇಲ್ಲ ನೋಡ್ರಿ" ಅಂದ.

ಬೆರಳಿನ ಮಣ್ಣು

ಈ ಗೌಡನ ಬೆರಳು ಒಣಗಿ ಇದ್ದಿಲಿನಂತಾಗಿತ್ತು. ಅದರ ಬುಡದಲ್ಲಿ ಕೆಂಪು ಏರಲು ಶುರುವಾಗಿತ್ತು, ಜ್ವರವೂ ಇತ್ತು. ಇವತ್ತು ಬೆರಳು ತೆಗೆಯದಿದ್ದರೆ ನಾಳೆ ಕಾಲು, ನಾಡಿದ್ದು ಜೀವ ಎಂದು ಬಿಡಿಸಿ ಹೇಳಿದೆ. ಗೌಡ ತಲೆ ಅಲ್ಲಾಡಿಸಿದ.

"ನಮ್ಮಲ್ಲಿ ಸತ್ತವರನ್ನ ಕುಂದ್ರಿಸಿ ಮಣ್ಣು ಕೊಡ್ತಾರ್ರಿ. ಶಿವನ ಕಡೆ ಹೋಗೋವಾಗ ಮೈ ಪೂರಾ ಇರಬೇಕು. ಬೆರಳು ನಿಮ್ಮ ದವಾಖಾನಿ ತಿಪ್ಪ್ಯಾಗ, ನಾ ನನ್ನ ಹೊಲದಾಗ. ಹೆಂಗ್ರಿ ಕೂಡೂದು?"

"ಹಂಗಾದ್ರ ಎಲ್ಲಾ ಕೂಡಿ ಈ ವಾರನ ಹೋಗು ಅಜ್ಜಾ!" ಎಂದು ರೇಗಿದೆ. ಜೊತೆಗೆ ಬಂದಿದ್ದ ಮಗ ಅಳತೊಡಗಿದ. ಗೌಡ ಅಲುಗಲಿಲ್ಲ. ನನಗೆ ನಿಜಕ್ಕೂ ಭಯವಾಗಿತ್ತು. ಪಾದದ ನಾಡಿ ಇನ್ನೂ ಮಿಡಿಯುತ್ತಿತ್ತು, ಉಳಿಸಬಹುದಾದ ಕಾಲು ಕಣ್ಣೆದುರೇ ಹೋಗುವುದರಲ್ಲಿತ್ತು.

ಕೊನೆಗೆ ಮಗ ಹೋಗಿ ಅವರ ಮನೆತನದ ಗುರು ಅಯ್ಯನವರನ್ನು ಕರೆತಂದ. ಅಯ್ಯನವರು ಬೆರಳು ನೋಡಿದರು, ಗೌಡನನ್ನು ನೋಡಿದರು, ವಿಭೂತಿ ಹಚ್ಚಿಕೊಂಡು ಯೋಚಿಸಿದರು.

"ಗೌಡಾ, ಬಸ್ಸಿನ್ಯಾಗ ಕಿಟಕ್ಯಾಗಿಂದ ಟವಲ್ ಹಾಕಿ ಸೀಟ್ ಹಿಡೀತೀಯಲ್ಲ?"

"ಹಿಡೀತೀನ್ರಿ."

"ಹಂಗ ತಿಳಕೋ. ಬೆರಳು ಮುಂದ ಹೋಗಿ ಹೊಲದಾಗ ಜಾಗಾ ಹಿಡೀಲಿ. ನೀ ಸಾವಕಾಶ ಬಾ."

ಗೌಡ ಕೂಡಲೇ ಕಾಲು ಚಾಚಿದ.

ಬೆರಳು ತೆಗೆದು ಸೀಸೆಯಲ್ಲಿಟ್ಟೆ. ಜ್ವರ ಇಳಿಯಿತು, ಕೆಂಪು ಇಳಿಯಿತು, ಪಾದ ಬೆಚ್ಚಗಾಯಿತು. ಮಣ್ಣಿನ ಹೊತ್ತಿಗೆ ತಾನು ಎದುರಿಗೇ ಇರಬೇಕೆಂದು ಗೌಡ ಹಟ ಹಿಡಿದ. ಕಾಲು ಕೆಳಗಿಟ್ಟಾನು ಎಂಬ ಅಂಜಿಕೆಯಿಂದ ನಾನೂ ಜೀಪಿನಲ್ಲಿ ಜೊತೆಗೆ ಹೋದೆ. ಹೊಲದಲ್ಲಿ ಬೇವಿನ ಮರದಡಿ ಹೊರಸು ಹಾಕಿ, ಕಾಲನ್ನು ದಿಂಬಿನ ಮೇಲಿಟ್ಟು ಕೂಡ್ರಿಸಿದೆವು. ಅಯ್ಯನವರು ಶಂಖ ಊದಿದರು. ಬೆರಳಿಗೆ ವಿಭೂತಿ ಹಚ್ಚಿ, ಪತ್ರಿ ಹಾಕಿ, ಶಾಸ್ತ್ರೋಕ್ತವಾಗಿ ಮಣ್ಣು ಕೊಟ್ಟದ್ದಾಯಿತು.

ಮುದುಕ ದವಾಖಾನೆಯಲ್ಲಿದ್ದಾನೆಂಬುದು ಊರಿಗೆಲ್ಲ ಗೊತ್ತಿತ್ತು. ಈಗ ದವಾಖಾನೆಯ ಜೀಪು ಹೊಲಕ್ಕೆ ಬಂದಿದೆ, ಗುದ್ದಲಿ ಹೋಗಿದೆ, ಅಯ್ಯನವರ ಶಂಖವೂ ಕೇಳಿದೆ. ಜನಕ್ಕೆ ಇನ್ನೇನು ಬೇಕು? ಸುದ್ದಿ ಹಬ್ಬಿತು. ಎಲ್ಲರಿಗಿಂತ ಮೊದಲು ಓಡಿ ಬಂದವನು ಗೌಡನ ತಮ್ಮ. ಇಬ್ಬರ ಹೊಲದ ನಡುವಿನ ಬದುವಿನ ಜಗಳದಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟು ವರ್ಷಗಳೇ ಆಗಿದ್ದವು. ತಮ್ಮ ಅಕ್ಕಪಕ್ಕ ಯಾರನ್ನೂ ನೋಡದೆ ಬಂದು ಆ ಮಣ್ಣಿನ ಗುಡ್ಡೆಯ ಮೇಲೆ ಬಿದ್ದ. ಗುಡ್ಡೆ ಒಂದು ಮೊರದಷ್ಟೂ ಇರಲಿಲ್ಲ, ಆದರೆ ಅಳುವವನ ಕಣ್ಣಿಗೆ ಅಳತೆ ಎಲ್ಲಿ ಕಾಣಬೇಕು!

"ಅಣ್ಣಾ, ಹೋದೆಲ್ಲೋ ನನ್ನಪ್ಪಾ! ಒಂದು ಬದುವಿನ ಸಲುವಾಗಿ ನಿನ್ನ ಮಾರಿ ನೋಡ್ಲಿಲ್ಲಲ್ಲೋ! ಆ ಬದು ನಿಂದ ಇರಲಿ, ಎದ್ದು ಬಾರೋ ಅಣ್ಣಾ!"

ಅಯ್ಯನವರ ಶಂಖ ಕೈಯಲ್ಲೇ ಉಳಿಯಿತು. ಮರದ ಕಡೆ ತಿರುಗಿ ನೋಡಿದರೆ ಗೌಡ ಟವಲ್ಲಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ.

"ಲೇ ತಮ್ಮಾ," ಎಂದು ಹೊರಸಿನ ಮೇಲಿಂದ ಕೂಗಿದ. "ನಾ ಇಲ್ಲಿ ಅದೀನಿ ಬಾರಲೇ."

ತಮ್ಮ ಬೆಚ್ಚಿ ಬಿದ್ದ, ಗುಡ್ಡೆ ನೋಡಿದ, ಮರ ನೋಡಿದ, ಆಮೇಲೆ ಓಡಿ ಹೋಗಿ ಅಣ್ಣನನ್ನು ತಬ್ಬಿಕೊಂಡು ಇನ್ನೊಂದು ಸುತ್ತು ಅತ್ತ. ಗೌಡ ಅವನ ಬೆನ್ನು ಸವರುತ್ತ, ಹೆಗಲ ಮೇಲಿಂದ ನನ್ನ ಕಡೆ ನೋಡಿದ.

"ಸಾಹೇಬ್ರ, ಒಂದು ಬೆರಳಿಗೆ ಬದು ಬಿಟ್ಟ. ಇನ್ನೂ ಒಂಬತ್ತು ಅದಾವ, ಇವನ ಹೊಲ ಬರೇ ನಾಕ ಎಕರೆ ಐತಿ."