ಗ್ಯಾಲರಿಯ ಬೆನ್ನಿಗೆ ನಾಲ್ಕು ಮಗ್ಗ

ಯಾವ ವಿಷಯ ಕೇಳಿದರೂ ಥಟ್ಟನೆ ಅಭಿಪ್ರಾಯ ಹೇಳಿಬಿಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಹೊಟ್ಟೆಕಿಚ್ಚು. ಅವರಿಗೆ ಆ ಅಭಿಪ್ರಾಯ ಎಲ್ಲಿಂದ ಬರುತ್ತದೆ, ಬಂದದ್ದು ಸಂಜೆಯವರೆಗೂ ಹಾಗೇ ಹೇಗೆ ಉಳಿದುಕೊಳ್ಳುತ್ತದೆ ಎಂಬುದೇ ನನಗೆ ಸೋಜಿಗ. ನಾನೋ, ಹೋಟೆಲಿಗೆ ಹೋದರೆ ಇಡ್ಲಿಯೋ ದೋಸೆಯೋ ಎಂದು ತೀರ್ಮಾನಿಸುವಷ್ಟರಲ್ಲಿ ಎರಡೂ ಮುಗಿದು ಚಿತ್ರಾನ್ನ ಮಾತ್ರ ಉಳಿದಿರುತ್ತದೆ. ಒಬ್ಬರು ಹೇಳಿದ್ದು ಸರಿಯೆನಿಸುತ್ತದೆ. ಅದಕ್ಕೆ ತದ್ವಿರುದ್ಧವಾಗಿ ಇನ್ನೊಬ್ಬರು ಹೇಳಿದರೆ ಅದೂ ಸರಿಯೆನಿಸುತ್ತದೆ. ಹೆಣ್ಣು ನೋಡಲು ಹೋದಾಗ "ಹುಡುಗಿ ಒಪ್ಪಿಗೇನಪ್ಪಾ?" ಎಂದು ಸೋದರಮಾವ ಎಲ್ಲರೆದುರು ಕೇಳಿಬಿಟ್ಟರು. ನಾನು ಬೆವರೊರೆಸಿಕೊಂಡು "ಅವರಿಗೆ ಒಪ್ಪಿಗೆ ಆದರೆ..." ಎಂದೆ. ಅವರಿಗೆ ಒಪ್ಪಿಗೆಯಾಯಿತು. "ಪಾಪ, ಈ ಮನುಷ್ಯನ್ನ ಯಾರಾದ್ರೂ ನೋಡ್ಕೋಬೇಕಲ್ಲ ಅಂತ ಒಪ್ಕೊಂಡೆ" ಎಂದು ಸುಜಾತ ಇವತ್ತಿಗೂ ನೆಂಟರೆದುರು ಹೇಳುತ್ತಾಳೆ. ನೆಂಟರು ತಲೆಯಾಡಿಸುತ್ತಾರೆ. ನಾನೂ ಆಡಿಸುತ್ತೇನೆ.

ಇಂಥ ನನ್ನನ್ನು ಹುಡುಕಿಕೊಂಡು ನಮ್ಮ ಬೀದಿಗೆ ದೊಡ್ಡ ಪ್ರಶ್ನೆಯೊಂದು ಬಂತು. ಕೇಳಿದ್ದು ಫುಟ್‌ಬಾಲ್ ಕ್ಲಬ್ಬಿನವರು.

ನಮ್ಮದು ದೊಡ್ಡಬಳ್ಳಾಪುರದ ಅಂಚಿನಲ್ಲಿ ಮಗ್ಗದವರೇ ತುಂಬಿರುವ ಒಂದು ಬೀದಿ. ಮುಂದೆ ಮನೆ, ಹಿಂದೆ ಶೆಡ್ಡು, ಶೆಡ್ಡಿನಲ್ಲಿ ನಮ್ಮಪ್ಪ ಹಾಕಿಸಿದ ನಾಲ್ಕು ಪವರ್‌ಲೂಮ್. ಅವು ಓಡುತ್ತಿದ್ದರೆ ಗೋಡೆಯ ಮೇಲಿನ ಕ್ಯಾಲೆಂಡರ್ ಕೂಡ ಸಣ್ಣಗೆ ನಡುಗುತ್ತಿರುತ್ತದೆ. ಆ ಸದ್ದಿನಲ್ಲಿ ಮಾತಾಡಿ ಗಂಟಲು ಹರಿದುಕೊಳ್ಳುವ ಬದಲು ನಮ್ಮವರೆಲ್ಲ ಕೈಯಲ್ಲೇ ಮಾತಾಡುವುದನ್ನು ಅಭ್ಯಾಸ ಮಾಡಿಕೊಂಡಿದ್ದಾರೆ. ಎಳೆ ಕಡಿದಿದೆ ಎನ್ನಲು ಒಂದು ಸನ್ನೆ, ಕಾಫಿ ಬೇಕು ಎನ್ನಲು ಒಂದು, ನಿಮ್ಮ ಅತ್ತಿಗೆ ಬಂದಿದ್ದಾರೆ ಎನ್ನಲು ಒಂದು. ಕೊನೆಯದರಲ್ಲಿ ಮುಖವನ್ನೂ ಸ್ವಲ್ಪ ಸೇರಿಸಬೇಕು. ಒಲೆಯ ಮೇಲೆ ದೋಸೆ ಇಟ್ಟು ಬಂದ ಸುಜಾತ, ಮಗುಚುವ ಸಟ್ಟುಗವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕಡಿದ ಎಳೆ ಕಟ್ಟಿ, ದೋಸೆ ಸೀಯುವುದರೊಳಗೆ ವಾಪಸು ಹೋಗುತ್ತಾಳೆ. ನಮ್ಮ ಸಂಸಾರ ನಡೆದದ್ದೇ ಹೀಗೆ, ಮಗ್ಗಕ್ಕೂ ಒಲೆಗೂ ಮಧ್ಯೆ.

ಶೆಡ್ಡಿನ ಹಿಂದೆ ಒಂದು ಬಯಲಿತ್ತು. ಎರಡು ಗೋಲುಕಂಬ, ನಾಲ್ಕಾರು ಮೇಕೆ. ಮೇಕೆಗಳು ಚೆಂಡನ್ನೂ ಆಟಗಾರರು ಮೇಕೆಗಳನ್ನೂ ಸುತ್ತಿಬಳಸಿ ಓಡುತ್ತ ಯಾರಿಗೂ ತೊಂದರೆಯಿಲ್ಲದೆ ಆಟ ನಡೆಯುತ್ತಿತ್ತು. ಆಮೇಲೆ ಬೆಂಗಳೂರಿನ ಕಡೆಯ ಯಾರೋ ಕ್ಲಬ್ ಕಟ್ಟಿದರು, ಅತ್ತ ಕಡೆ ಒಂದು ಗ್ಯಾಲರಿ ಎಬ್ಬಿಸಿದರು. ತಂಡ ಗೆಲ್ಲುತ್ತ ಹೋಗಿ ಮೇಲಿನ ದರ್ಜೆಗೆ ಏರಿತಂತೆ. ಮೇಲಿನ ದರ್ಜೆಗೆ ಏರಿದವರಿಗೆ ಮೇಲಿನ ದರ್ಜೆಯ ಸ್ಟೇಡಿಯಂ ಬೇಕಂತೆ. ಹಾಗಾಗಿ ಇತ್ತ ಕಡೆಯೂ ಗ್ಯಾಲರಿ ಬಂತು, ಸರಿಯಾಗಿ ನಮ್ಮ ಶೆಡ್ಡಿನ ಗೋಡೆಗೆ ಬೆನ್ನು ಕೊಟ್ಟುಕೊಂಡು.

ಮೊದಲು ನಾನು ಸ್ಟೇಡಿಯಂ ಪರ, ಸುಜಾತ ವಿರುದ್ಧ. ನನಗೆ ಹೊಸ ರಸ್ತೆ, ಮುಚ್ಚಿದ ಚರಂಡಿ, ಬೀದಿದೀಪ ಇಷ್ಟವಾದವು. ಅವಳಿಗೆ ಸಿಮೆಂಟಿನ ಧೂಳು ಸೀರೆಯ ಮೇಲೆ ಕೂರುವುದು ಕಷ್ಟವಾಯಿತು. ಕಟ್ಟಡ ಮುಗಿಯುವ ಹೊತ್ತಿಗೆ ಅದು ಹೇಗೋ ಅದಲುಬದಲಾಯಿತು. ಲಾಳಿಯೊಳಗೆ ಕೂರುವ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದ ಅಂಗಡಿಯ ಜಾಗದಲ್ಲಿ ಕಾಫಿ ಕುಡಿಯುವ ಗಾಜಿನ ಅಂಗಡಿಯೊಂದು ಬಂತು. ಕಂಡಿಕೆಗೆ ನಾನೀಗ ಊರಿನ ಇನ್ನೊಂದು ತುದಿಗೆ ಹೋಗಬೇಕು. ಕಾಫಿಗೆ ಮಾತ್ರ ಎರಡು ಹೆಜ್ಜೆ. ಎದುರು ಗೋಡೆಯ ಮೇಲೆ ಒಬ್ಬ ನೇಕಾರನ ಚಿತ್ರ ಬರೆಸಿದ್ದಾರೆ. ಅವನು ಒಂದು ಕೈಯಲ್ಲಿ ಲಾಳಿ, ಇನ್ನೊಂದರಲ್ಲಿ ಚೆಂಡು ಹಿಡಿದು ನಗುತ್ತಿದ್ದಾನೆ. ಎರಡೂ ಕೈ ಹೀಗಾದರೆ ಎಳೆ ಯಾವ ಕೈಯಲ್ಲಿ ಕಟ್ಟುತ್ತಾನೆ ಎಂಬ ಚಿಂತೆ ನನಗೆ. ಸುಜಾತ ಅಂಥ ಚಿಂತೆಗೆ ಹೋಗಲಿಲ್ಲ. ಪಂದ್ಯದ ದಿನ ಮನೆಮುಂದೆ ಬಾಣಲೆ ಇಟ್ಟು ಮೆಣಸಿನಕಾಯಿ ಬಜ್ಜಿ ಕರಿಯತೊಡಗಿದಳು.

ಬಜ್ಜಿಗೆ ಜನ ಮುಗಿಬಿದ್ದರು. ಒಂದೇ ತೊಡಕೆಂದರೆ ಅವಳ ಕೈಮಾತು. ಒಳಗೆ ಮಗ್ಗ ಓಡುತ್ತಿರುವಾಗ ಬಾಯಿ ತೆರೆಯುವ ಅಭ್ಯಾಸವೇ ಅವಳಿಗೆ ತಪ್ಪಿಹೋಗಿದೆ. ಗಿರಾಕಿ ಏನು ಕೇಳಿದರೂ ಬೆರಳು ತೋರಿಸಿ, ಹುಬ್ಬು ಕುಣಿಸಿ, ಅಂಗೈ ತಿರುಗಿಸಿ ಉತ್ತರ ಕೊಡುತ್ತಿದ್ದಳು. ಬೆಂಗಳೂರಿನಿಂದ ಬಂದ ಹುಡುಗಿಯೊಬ್ಬಳು ದೂರ ನಿಂತು ಗೆಳತಿಗೆ "ಪಾಪ ಕಣೇ, ಆಂಟಿಗೆ ಮಾತು ಬರಲ್ಲ ಅನ್ಸುತ್ತೆ" ಎಂದಳಂತೆ. ತುಟಿ ನೋಡಿಯೇ ಮಾತು ತಿಳಿಯುವ ಸುಜಾತ "ಬಜ್ಜಿ ಬಿಸಿ ಐತೆ, ಊದ್ಕೊಂಡ್ ತಿನ್ನಮ್ಮಾ" ಎಂದು ಇಲ್ಲಿಂದಲೇ ಕೂಗಿದಾಗ ಆ ಹುಡುಗಿ ಬೆಚ್ಚಿ ಬಜ್ಜಿಯನ್ನೇ ಕೈಬಿಟ್ಟಳು. ಅವಳಿಗೆ ಇನ್ನೊಂದು ಕೊಟ್ಟೆವು.

ಫುಟ್‌ಬಾಲ್ ಅರ್ಥ ಮಾಡಿಕೊಳ್ಳಲು ನಾನೂ ಪ್ರಯತ್ನಿಸಿದ್ದುಂಟು. ಇತ್ತ ಕಡೆಯ ಗ್ಯಾಲರಿ ಏಳುವ ಮೊದಲು ಶೆಡ್ಡಿನ ಮೇಲೆ ಹತ್ತಿ ಒಂದು ಪಂದ್ಯ ನೋಡಿದೆ. ಬಲಗಡೆಯ ಗೋಲು ನಮ್ಮದು ಎಂದು ಯಾರೋ ಹೇಳಿದರು, ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ. ಅರ್ಧ ಆಟ ಮುಗಿದು ಎಲ್ಲರೂ ನೀರು ಕುಡಿದು ಬಂದರು ನೋಡಿ, ನಮ್ಮವರು ಎಡಗಡೆಗೆ ಹೋಗಿಬಿಟ್ಟರು! ಅದನ್ನು ಯಾರೂ ನನಗೆ ಹೇಳಿರಲಿಲ್ಲ. ನಮ್ಮ ತಂಡ ಗೋಲು ಹೊಡೆದಾಗ ನಾನು ತಲೆಯ ಮೇಲೆ ಕೈಹೊತ್ತು ಕೂತೆ. ಮನೆಯಲ್ಲೂ ಹೊರಗೂ ಜನ ಹೀಗೆ ನಡುವೆ ಕಡೆ ಬದಲಾಯಿಸಿದರೆ ನನ್ನಂಥವನು ಯಾರನ್ನು ನಂಬುವುದು?

ಈ ಸ್ಥಿತಿಯಲ್ಲಿರುವಾಗ ಕ್ಲಬ್ಬಿನಿಂದ ನವೀನ್ ಎಂಬ ಯುವಕ ಬಂದರು. ಸುತ್ತಮುತ್ತಲಿನ ಜನರ ಜೊತೆ ಚೆನ್ನಾಗಿರುವುದೇ ಅವರ ಕೆಲಸವಂತೆ, ಅದಕ್ಕೇ ಸಂಬಳವಂತೆ. ಗ್ಯಾಲರಿಯ ಮೇಲೆ ಒಂದು ಗಾಜಿನ ಕೋಣೆಯಿದೆ. ಅಲ್ಲಿ ಟೀವಿಗೆ ಆಟದ ವಿವರಣೆ ಹೇಳುವವರೂ ದೊಡ್ಡ ಅತಿಥಿಗಳೂ ಕೂರುತ್ತಾರೆ. "ಸಾರ್, ಬೇಜಾರ್ ಮಾಡ್ಕೋಬೇಡಿ, ನಿಮ್ಮ ಮಗ್ಗದ್ದು ಸ್ವಲ್ಪ ಸೌಂಡು..." ಎಂದರು. ಟೀವಿ ನೋಡುವವರು ಸ್ಟೇಡಿಯಂ ಪಕ್ಕ ರೈಲು ಹೋಗುತ್ತಿದೆಯಾ, ಅದು ಯಾಕೆ ಮುಂದಕ್ಕೇ ಹೋಗುತ್ತಿಲ್ಲ ಎಂದು ಕೇಳುತ್ತಾರಂತೆ. ಅತಿಥಿಗಳ ಕಾಫಿ ಕಪ್ಪು ಸಾಸರಿನ ಮೇಲೆ ಗಲಗಲ ಎನ್ನುತ್ತದಂತೆ. ಸಾವಿರಾರು ಜನ ತಮಟೆ ಬಡಿದು ಕಿರುಚುವ ಜಾಗದವರು ಬಂದು ನಮ್ಮ ಸದ್ದು ಹೆಚ್ಚಾಯಿತು ಎನ್ನುವುದು ನಗುವ ವಿಷಯವೋ ನಾಚಿಕೊಳ್ಳುವ ವಿಷಯವೋ ತಿಳಿಯದೆ ನಾನು ಕುರ್ಚಿ ತೋರಿಸಿ ಕೂರಿಸಿದೆ.

"ಊರಾಚೆ ಒಳ್ಳೇ ಶೆಡ್ ಕಟ್ಸಿಕೊಡ್ತೀವಿ ಸಾರ್, ಮಗ್ಗ ಎಲ್ಲ ಅಲ್ಲಿಗೆ ಶಿಫ್ಟ್ ಮಾಡೋಣ" ಎಂದರು ನವೀನ್. "ಈ ಜಾಗದಲ್ಲಿ ನೇಕಾರರ ಮ್ಯೂಸಿಯಂ. ಒಂದು ಮಗ್ಗ ಇಲ್ಲೇ ಇಡ್ತೀವಿ."

"ಓಡುತ್ತಾ?"

"ಇಲ್ಲ ಸಾರ್, ನೋಡೋಕೆ ಮಾತ್ರ. ಜನ ಬಂದು ನೇಕಾರರ ಬದುಕು ಹೇಗಿರುತ್ತೆ ಅಂತ ನೋಡ್ತಾರೆ."

"ಆಗ ನೇಕಾರರು ಎಲ್ಲಿರ್ತಾರೆ?"

"ಊರಾಚೆ ಶೆಡ್ಡಲ್ಲಿ."

ಹೇಳಿದ ರೀತಿ ಎಷ್ಟು ಚೆನ್ನಾಗಿತ್ತೆಂದರೆ ನನಗೆ ಅದರಲ್ಲೂ ತಪ್ಪು ಕಾಣಲಿಲ್ಲ. ತಲೆ ಆಗಲೇ ಅರ್ಧ ಆಡಿತ್ತು. ಪುಣ್ಯಕ್ಕೆ ಸುಜಾತ ಕಾಫಿ ತಂದಿಟ್ಟು ನನ್ನ ಹೆಗಲ ಮೇಲೆ ಕೈಯಿಟ್ಟಳು. ತಲೆ ಅಲ್ಲಿಗೇ ನಿಂತಿತು. "ಯೋಚನೆ ಮಾಡಿ ಸಾರ್, ಅರ್ಜೆಂಟಿಲ್ಲ. ಭಾನುವಾರ ಮ್ಯಾಚಿಗೆ ಬನ್ನಿ, ಮಧ್ಯದ ವಿರಾಮದಲ್ಲಿ ನಮ್ಮ ದೊಡ್ಡ ಸಾಹೇಬ್ರೂ ಬರ್ತಾರೆ, ಅಲ್ಲೇ ಹೇಳಿ. ಗೋಡೆಗೆ ಅಂಟಿರೋದು ನಿಮ್ಮ ಶೆಡ್ಡು. ನೀವು ಒಪ್ಪಿದ್ರೆ ಬೀದಿಯೋರೆಲ್ಲ ಒಪ್ತಾರೆ" ಎಂದು ಎರಡು ಪಾಸು ಕೊಟ್ಟು ಹೋದರು.

ಪಕ್ಕದ ಮನೆಯ ಗೋವಿಂದಣ್ಣನ ಕಿವಿಗೆ ಇದು ಬಿತ್ತು. ಅವರೂ ಮಗ್ಗದವರೇ, ನನಗಿಂತ ಹಿರಿಯರು, ಅಭಿಪ್ರಾಯ ಇರುವ ಪೈಕಿ. "ಲೇ ನಂಜುಂಡಾ, ನೀನು ಹ್ಞೂಂ ಅಂದ್ಯೋ, ಬೀದಿ ಮಗ್ಗ ಎಲ್ಲಾ ಎತ್ಕೊಂಡೋದಂಗೇ ಕಣ್ಲಾ. ಮನೆ ಒಂದ್ಕಡೆ ಮಗ್ಗ ಒಂದ್ಕಡೆ ಆದ್ರೆ ಹೆಂಗಸ್ರು ಎಲ್ಲಿ ಅಂತ ನಿಂತ್ಕೋತಾರೆ?" ಎಂದರು. ನಿಜ ಹೇಳಬೇಕೆಂದರೆ ಅವತ್ತು ನನಗೆ ಭಯವಾಯಿತು. ನಾಲ್ಕು ಮಗ್ಗವಿಲ್ಲದ ಶೆಡ್ಡನ್ನು ನೆನೆಯಲೂ ಆಗದೆ ಎರಡೆರಡು ಸಲ ಹೋಗಿ ಮಗ್ಗ ಮುಟ್ಟಿ ನೋಡಿ ಬಂದೆ. ಹಾಗೆಂದು ಬಜ್ಜಿಯ ಬಾಣಲೆ, ದೀಪ, ರಸ್ತೆ ಬೇಡವೆನ್ನಲೂ ಮನಸ್ಸಿಲ್ಲ. ಇದನ್ನೆಲ್ಲ ಸುಜಾತಳ ಮುಂದೆ ತೋಡಿಕೊಂಡೆ.

"ಸ್ಟೇಡಿಯಮ್ಮೂ ಇರ್ಲಿ, ಮಗ್ಗಾನೂ ಇರ್ಲಿ. ಇದ್ರಲ್ಲಿ ತಲೆ ಕೆಡಿಸ್ಕೊಳ್ಳೋದು ಏನ್ರೀ ಐತೆ? ಹೋಗಿ 'ಮಗ್ಗ ಎತ್ತಕ್ಕಾಗಲ್ಲ' ಅನ್ನಿ, ಎದ್ದು ಬನ್ನಿ" ಎಂದಳು.

"ಅವರು ಒಳ್ಳೇ ಮಾತಲ್ಲಿ ಕೇಳಿದ್ರೆ?"

"ಒಳ್ಳೇ ಮಾತಲ್ಲೇ ಆಗಲ್ಲ ಅನ್ನಿ."

ನಾಲ್ಕು ದಿನ ಬಚ್ಚಲಲ್ಲಿ ಅದನ್ನೇ ಅಭ್ಯಾಸ ಮಾಡಿದೆ. ಬಕೆಟ್ಟಿಗೆ, ಗೀಸರಿಗೆ, ಬಾಗಿಲಿಗೆ "ಆಗಲ್ಲ" ಎಂದೆ. ಅವು ಯಾವುವೂ ಎದುರಾಡಲಿಲ್ಲವಾದ್ದರಿಂದ ಧೈರ್ಯ ಬಂತು.

ಭಾನುವಾರ ಬಂತು. ಪರೀಕ್ಷೆಗೆಂದು ಅವತ್ತೊಂದು ದಿನ ಬೀದಿಯ ಮಗ್ಗವನ್ನೆಲ್ಲ ನಿಲ್ಲಿಸಿ ನೋಡೋಣ ಎಂದು ನವೀನ್ ಬೇಡಿಕೊಂಡಿದ್ದರು, ಬೆಳಗ್ಗೆಯಿಂದಲೇ ನಿಲ್ಲಿಸಿದೆವು. ಅಬ್ಬಾ, ಆ ನಿಶ್ಶಬ್ದ! ಗೋಡೆ ಗಡಿಯಾರಕ್ಕೂ ಸದ್ದಿದೆ ಎಂದು ನನಗೆ ಗೊತ್ತಾದದ್ದೇ ಅವತ್ತು. ಕೈಮಾತು ಬಿಟ್ಟು ಬಾಯಿಮಾತಿಗೆ ಇಳಿದ ಸುಜಾತಳಿಗೆ ದನಿಯ ಅಳತೆ ಸಿಗದೆ, "ರೀ, ನಿಮ್ಮ ಚಡ್ಡಿ ಒಣಗೈತಾ ನೋಡಿ" ಎಂದದ್ದು ಬೀದಿಗೆಲ್ಲ ಕೇಳಿ, ಆ ತುದಿಯ ಮನೆಯಿಂದ ಯಾರೋ "ಒಣಗೈತೆ ಅಕ್ಕಾ" ಎಂದು ಉತ್ತರ ಕೊಟ್ಟರು. ಬೀದಿಯ ಕೂಸುಗಳೆಲ್ಲ ಎದ್ದು ಅಳತೊಡಗಿದವು. ಮಗ್ಗದ ಮನೆಯ ಮಕ್ಕಳು ಸದ್ದಿಗೆ ಮಲಗುತ್ತವೆ, ಕರೆಂಟು ಹೋದರೆ ಎದ್ದು ಕೂರುತ್ತವೆ. ನಾನೂ ಮಗ್ಗದ ಮನೆಯ ಮಗುವೇ ತಾನೆ? ಊಟವಾದ ಮೇಲೆ ಒಂದು ಗಳಿಗೆ ಒರಗಿದೆ, ಹೊರಳಿದೆ, ದಿಂಬು ಮಗುಚಿದೆ, ರೆಪ್ಪೆ ಹತ್ತಲಿಲ್ಲ. ಕೆಂಪು ಕಣ್ಣಿನಲ್ಲೇ ಇಸ್ತ್ರಿ ಶರ್ಟು ತೊಟ್ಟು, ಗೋವಿಂದಣ್ಣನ ಜೊತೆ ಸ್ಟೇಡಿಯಮ್ಮಿಗೆ ಹೊರಟೆ.

ಹೊಸ ಗ್ಯಾಲರಿಯಲ್ಲಿ ನಮಗೆ ಒಳ್ಳೆಯ ಜಾಗ, ಒರಗುವ ಕುರ್ಚಿ. ಆಟ ಶುರುವಾಗುತ್ತಲೇ ಹಿಂದಿನ ಸಾಲಿನವರು ಡ್ರಮ್ ಬಡಿಯತೊಡಗಿದರು. ಮುಂದಿನವರು ಕೂಗಿದರು, ಪಕ್ಕದವರು ಕಾಲು ಕುಟ್ಟಿದರು. ಕುರ್ಚಿ ಸಣ್ಣಗೆ ನಡುಗತೊಡಗಿತು. ಸಾವಿರಾರು ಜನರ ಬೊಬ್ಬೆ ಒಂದೇ ಹದಕ್ಕೆ ಬಂದು ಕಿವಿಯೊಳಗೆ ತುಂಬಿತು. ನಾನು ಕೈಕಟ್ಟಿ ಕುಳಿತು, ವಿರಾಮದಲ್ಲಿ ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಮತ್ತೊಮ್ಮೆ ಹೇಳಿಕೊಂಡೆ. ಮೈಯೆಲ್ಲ ಹಾಯೆನಿಸಿತು. ಅಲ್ಲಿಂದ ಮುಂದೆ ನನಗೇನೂ ನೆನಪಿಲ್ಲ.

ಕಣ್ಣು ಬಿಟ್ಟಾಗ ಗ್ಯಾಲರಿ ಖಾಲಿಯಾಗುತ್ತಿತ್ತು. ಗೋವಿಂದಣ್ಣ ನನ್ನ ಭುಜ ಹಿಡಿದು ಅಲುಗಿಸುತ್ತಿದ್ದರು, ಮುಖವೆಲ್ಲ ಹಲ್ಲು.

"ಯಾರು ಗೆದ್ರು?" ಎಂದೆ.

"ಆಟ ಯಾವನ್ ನೋಡ್ದ ಬಿಡ್ಲಾ! ನಮ್ಮ ಮಗ್ಗ ಉಳೀತು!"

ಆಮೇಲೆ ಅವರೇ ಬಿಡಿಸಿ ಹೇಳಿದರು. ವಿರಾಮದಲ್ಲೂ ಹಿಂದಿನವರ ಡ್ರಮ್ಮು ನಿಲ್ಲಲಿಲ್ಲವಂತೆ, ಆ ಸದ್ದಿನಲ್ಲೇ ನವೀನ್ ದೊಡ್ಡ ಸಾಹೇಬರನ್ನು ಕರೆತಂದು ನನ್ನ ಮುಂದೆ ನಿಂತರಂತೆ. ಮಗ್ಗ ಊರಾಚೆ ಸಾಗಿಸುವ ಮಾತು ಎತ್ತಿದರಂತೆ. ಎದೆಯ ಮೇಲೆ ಕೈಕಟ್ಟಿ, ಗದ್ದ ಇಳಿಸಿ, ಕಣ್ಣು ಮುಚ್ಚಿ ಕೂತಿದ್ದ ನಾನು ಕದಲಲಿಲ್ಲ. ಅವರು ಶೆಡ್ಡು ಇನ್ನೂ ದೊಡ್ಡದು ಮಾಡಿಕೊಡುತ್ತೇವೆ ಎಂದರಂತೆ, ಕದಲಲಿಲ್ಲ. ಹೋಗಲಿ, ಇಲ್ಲೇ ಇರಲಿ, ಪಂದ್ಯದ ಹೊತ್ತಿನಲ್ಲಿ ಮಾತ್ರ ನಿಲ್ಲಿಸಿ ಎಂದರಂತೆ. ಅದಕ್ಕೆ ನಾನು ಮೂಗಿನಿಂದ ಒಂದು ದೀರ್ಘವಾದ ಉಸಿರು ಬಿಟ್ಟೆನಂತೆ. "ಆ ಉಸ್ರಿಗೆ ಸಾಹೇಬ್ರು ಒಂದೆಜ್ಜೆ ಹಿಂದಕ್ಕೋದ್ರು ಕಣೋ. ಅತ್ತವ್ರನ್ನ ನೋಡಿದೀನಿ, ಜಗಳ ಆಡ್ದವ್ರನ್ನ ನೋಡಿದೀನಿ, ಹಿಂಗೆ ಮುಖಾನೂ ನೋಡ್ದಂಗೆ ಕೂರೋ ಗಟ್ಟಿ ಮನುಷ್ಯನ್ನ ನೋಡಿಲ್ಲ ಅಂದ್ರು. ಕೊನೇಗೆ, ಬಿಡಪ್ಪಾ, ನಮ್ಮ ಕೋಣೆಗೇ ಇನ್ನೊಂದು ಪದರ ಗಾಜು ಹಾಕಿಸ್ಕೊಳ್ಳೋಣ, ಇವ್ರ ಮಗ್ಗ ಓಡ್ಲಿ ಅಂದ್ಬಿಟ್ಟು ಹೋದ್ರು!"

ನಾನು ಎಂದಿನಂತೆ ತಲೆಯಾಡಿಸಿದೆ. ಬೀದಿಯವರು ಕೈಕುಲುಕಿದರು. ನಗರಸಭೆಯ ನೀರಿನ ಗಲಾಟೆಗೂ ನನ್ನನ್ನೇ ಕಳುಹಿಸಬೇಕೆಂದು ಅಲ್ಲೇ ತೀರ್ಮಾನವೂ ಆಯಿತು. ಎದೆಯುಬ್ಬಿಸಿಕೊಂಡು ಮನೆಗೆ ಬಂದರೆ, ಸುಜಾತ ಬಾಣಲೆ ಇಳಿಸಿ ನನ್ನ ಮುಖವನ್ನೇ ನೋಡಿದಳು. ಗದ್ದದ ಮೇಲೆ ಶರ್ಟಿನ ಗುಂಡಿಯ ಗುರುತು ಇನ್ನೂ ಹಾಗೇ ಇತ್ತಂತೆ.

"ಎಷ್ಟೊತ್ತು ಮಲ್ಗಿದ್ರಿ?"

"ಅದು... ಪೂರ್ತಿ."

"ಸದ್ಯ" ಎಂದು ನಿಟ್ಟುಸಿರು ಬಿಟ್ಟಳು. "ಎಚ್ಚರವಾಗಿದ್ದಿದ್ರೆ ಮಗ್ಗ ಕೊಟ್ಟು, ಸಾಗಿಸೋಕೆ ಟೆಂಪೋನೂ ನೀವೇ ಕರ್ಕೊಂಡ್ ಬರ್ತಿದ್ರಿ."

ಇದು ಹೊಗಳಿಕೆಯೋ ಬೈಗುಳವೋ ಕೇಳಿಯೇಬಿಡೋಣವೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಒಳಗೆ ಹೋಗಿ ನಾಲ್ಕೂ ಮಗ್ಗದ ಸ್ವಿಚ್ಚು ಹಾಕಿಬಿಟ್ಟಳು.