ಮದ್ದಿನ ಮಸಿ, ಮೆಣಸಿನಕಾಯಿ ಅರಿವೆ

ಬಂದೂಕು ತೊಳೆಯುವ ಕೆಲಸಕ್ಕಿಳಿದರೆ ಇಂಥವು ನಡೆಯುತ್ತಲೇ ಇರುತ್ತವೆ. ಬಿ.ಎಸ್ಸಿ. ಮುಗಿಸಿ ರಾಣೆಬೆನ್ನೂರಿನ ಬಂದೂಕು ರಿಪೇರಿ ಅಂಗಡಿ ಸೇರಿದ್ದೇನೆ. ಬರುವುದೆಲ್ಲ ಬೆಳೆ ಕಾಯುವ ಬಂದೂಕು, ಕೈಯಿಂದ ಕರಿಮದ್ದು ತುಂಬಿ ಹಾರಿಸುವಂಥದ್ದು. ಹಾರಿಸಿದಷ್ಟೂ ನಳಿಕೆಯೊಳಗೆ ಮಸಿ ಕಟ್ಟುತ್ತದೆ. ಮಾಲೀಕರಾದ ಚಾಚಾ ಎಣ್ಣೆಯಲ್ಲಿ ಒರೆಸುತ್ತಿದ್ದರು. ಆ ಮಸಿ ನೀರಿಗೆ ಕರಗುತ್ತದೆ, ಬಿಸಿನೀರು ಸೋಪು ಸಾಕು ಎಂದೆ.

“ಬೇಟಿ, ಕಬ್ಬಿಣಕ್ಕ ಜಳಕಾ ಮಾಡಸ್ತಿ?” ಎಂದರು ಚಾಚಾ. “ಮಾಡಸು. ಹಾವೇರಿ ಲೈಸೆನ್ಸ್ ತಪಾಸಣಿಯಿಂದ ಒಂದ ಬಂದೂಕು ವಾಪಸ್ ಬಂದ್ರೂ, ಅದ ಸೋಪು ಹಿಡ್ಕೊಂಡು ಮನಿಗೆ ಹೋಗು.”

ವಿಭೂತಿ

ಗುತ್ತಲದ ರೈತರೊಬ್ಬರು ಬಂದರು. “ತಂಗಿ, ಹಾರವಲ್ದು. ಹಂದಿ ನಿಂತು ನೋಡಾಕತ್ತಾವು.”

“ಯಾವಾಗ ತೊಳದೀರಿ?”

“ಆಯುಧ ಪೂಜಿಗೆ.”

“ಒಳಗ?”

“ಒಳಗ ಯಾರು ನೋಡ್ತಾರ?”

ನಳಿಕೆಯಲ್ಲಿ ಬೆರಳೂ ಹೋಗದಷ್ಟು ಮಸಿ. ಆದರೆ ಈ ಸಲ ತಪ್ಪು ಮಸಿಯದ್ದಲ್ಲ. ಕಿಡಿ ಒಳಹೋಗುವ ಸಣ್ಣ ತೂತಿಗೆ ವಿಭೂತಿ, ಅದರ ಮೇಲೆ ಕುಂಕುಮ ಗಟ್ಟಿಯಾಗಿ ಮೆತ್ತಿತ್ತು. ಸೂಜಿಯಿಂದ ಕೆದಕತೊಡಗಿದೆ.

“ಹಗೂರಕ, ತಂಗಿ,” ಎಂದರು. “ಅದು ಅದರ ಹಣಿ.”

ಖಾರ

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಬಂದೂಕಿನ ಜೊತೆ ಒರೆಸುವ ಅರಿವೆಯನ್ನೂ ತಂದಿದ್ದರು. ಸಲಾಕಿಗೆ ಸುತ್ತಿ ನಳಿಕೆಯಲ್ಲಿ ಆಡಿಸಿದೆ. ಕೆಂಪು ಧೂಳೆದ್ದಿತು. ಅದು ಗೋದಾಮಿನಲ್ಲಿ ಮೆಣಸಿನಕಾಯಿ ಚೀಲ ಝಾಡಿಸುವ ಅರಿವೆಯಂತೆ. ನಾನು ಸೀನಿದೆ, ಚಾಚಾ ಸೀನಿದರು, ಪಕ್ಕದಂಗಡಿಯ ಟೇಲರೂ ಸೀನಿದ. ವ್ಯಾಪಾರಿಗೆ ಬೇಸರವಾಯಿತು.

“ಬ್ಯಾಡಗಿ ಕಾಯಿ ಖಾರ ಇರಂಗಿಲ್ರಿ, ಬರೇ ಬಣ್ಣ,” ಎಂದರು, ಕಣ್ಣೊರೆಸಿಕೊಳ್ಳುತ್ತ.

ಮಸಿ ಹೋಲಿಸಿ ನೋಡಲು ಒರೆಸಿದ ಅರಿವೆಗಳನ್ನೆಲ್ಲ ಹೆಸರು ಬರೆದು ಒಂದೇ ಚೀಲದಲ್ಲಿಡುವುದು ನನ್ನ ಕ್ರಮ. ಇದನ್ನೂ ಇಟ್ಟೆ.

ತಪಾಸಣೆ

ಹಾವೇರಿಯಲ್ಲಿ ಒಂದೊಂದಾಗಿ ಎಲ್ಲ ಪಾಸಾದವು. ಕೊನೆಯದು ಗುತ್ತಲದ್ದು. ತಪಾಸಣೆಯ ಪೊಲೀಸ್ ಸಾಹೇಬರು ನಳಿಕೆಯಲ್ಲಿ ಕಣ್ಣಿಟ್ಟರು. ನನ್ನ ಸೋಪುನೀರಿಗೆ ಒಳಗೆಲ್ಲ ಕನ್ನಡಿಯಂತಾಗಿತ್ತು. ನಾನು ಹಿಗ್ಗಿದೆ.

“ಇದು ಒಮ್ಮೆನೂ ಹಾರಿಲ್ಲ,” ಎಂದರು. “ಹಂದಿ ಕಾಟ ಇಲ್ಲಂದ್ರ ಲೈಸೆನ್ಸ್ ಯಾಕ?”

ರೈತರು ನನ್ನ ಕಡೆ ತಿರುಗಿದರು. “ಏನ್ ಮಾಡಿಟ್ಟಿ, ತಂಗಿ? ಹೊಲಸಿದ್ದಾಗ ಚಲೋ ಇತ್ತು.”

ಅವರ ಮೆಕ್ಕೆಜೋಳವೂ ನನ್ನ ಕೆಲಸವೂ ಒಟ್ಟಿಗೇ ಹೋಗುವ ಹಾಗಿತ್ತು.

“ಸರ, ಮಸಿ ನಾನ ತಗದೇನಿ. ಸಾಕ್ಷಿ ಐತಿ,” ಎಂದು ಚೀಲ ಬಿಚ್ಚಿ, ರೈತರ ಬಂದೂಕು ಒರೆಸಿದ ಕರಿ ಅರಿವೆ ಸಾಹೇಬರಿಗೆ ಕೊಟ್ಟೆ.

“ರೊಟ್ಟಿ ಹಂಚಿನ ಮಸಿ ಅಲ್ಲಂತ ಹೆಂಗ ನಂಬಲಿ?”

“ಮೂಸಿ ನೋಡ್ರಿ. ಗಂಧಕದ ವಾಸನಿ ಬರ್ತೈತಿ.”

ಸಾಹೇಬರು ಮೂಗಿಗೆ ಹಿಡಿದು ದೀರ್ಘವಾಗಿ ಎಳೆದರು. ಬ್ಯಾಡಗಿಯ ಅರಿವೆಯೂ ಅದೇ ಚೀಲದಲ್ಲಿತ್ತೆಂಬುದು ನನಗೆ ಆಗ ನೆನಪಾಯಿತು.

ಸಾಹೇಬರು ಸೀನಿದರು. ಕಾನ್‌ಸ್ಟೇಬಲ್ ಸೀನಿದ. ಗುತ್ತಲದವರು ಮರ್ಯಾದೆಗೆಂದು ಸೀನಿದರು. ಸಾಹೇಬರು ನೀರು ಕುಡಿದು, ಕಣ್ಣು ಮುಚ್ಚಿಕೊಂಡೇ ಶಿಕ್ಕಾ ಒತ್ತಿದರು.

“ಬಂದೂಕು ಪಾಸ್,” ಎಂದರು. “ಈ ಅರಿವೆಗೆ ಬ್ಯಾರೆ ಲೈಸೆನ್ಸ್ ಮಾಡಸ್ರಿ.”