ಮೂರು ತಂತಿಯ ಮೇಲೆ ನಿಂತ ಕಂಬ

ಅಲ್ಲಾಹನ ದಯೆಯಿಂದ ನಾನು ಏರಿದ ಯಾವ ಕಂಬವೂ ಇವತ್ತಿನವರೆಗೆ ಬಿದ್ದಿಲ್ಲ. ಆದರೆ ನಾನು ಮೇಲಿರುವಾಗಲೇ ಕೆಳಗಿನವರಿಗೆ ಏನಾದರೊಂದು ಹೊಳೆಯುತ್ತದೆ. ಆಳಂದದಲ್ಲಿ ಹೊಳೆಯದಿದ್ದರೆ ಅಫಜಲಪುರದಲ್ಲಿ ಹೊಳೆಯುತ್ತದೆ. ಅಲ್ಲೂ ತಪ್ಪಿದರೆ ಜೇವರ್ಗಿಯಲ್ಲಂತೂ ಖಾತ್ರಿ.

ಹಳ್ಳಿಗಳಿಗೆ ಇಂಟರ್ನೆಟ್ ಕೊಡುವ ಕಬ್ಬಿಣದ ಕಂಬಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅರವತ್ತು ಅಡಿ ಎತ್ತರ, ಆದರೆ ತಾನಾಗಿ ನಿಲ್ಲುವ ತಾಕತ್ತು ಅದಕ್ಕಿಲ್ಲ. ಮೂರು ದಿಕ್ಕಿಗೆ ಎಳೆದು ಕಟ್ಟಿದ ಮೂರು ತಂತಿಗಳೇ ಅದರ ಜೀವ. ಪ್ರತಿ ತಂತಿಯ ಬುಡದಲ್ಲಿ ಅದನ್ನು ಬಿಗಿ ಮಾಡುವ ಒಂದು ತಿರುಪು. ತಿರುಪು ತಾನಾಗಿ ತಿರುಗದಂತೆ ಬೆರಳುದ್ದದ ಒಂದು ಪಿನ್ನು. ಪಿನ್ನು ಹೋದರೆ ತಿರುಪು, ತಿರುಪು ಹೋದರೆ ತಂತಿ, ತಂತಿ ಹೋದರೆ ಕಂಬ. ಕಂಬದ ಮೇಲೆ ನಾನು.

ಕೆಳಗೆ ನಿಂತು ಕಾಯುವವರು ನನ್ನ ಜೋಡಿದಾರರು, ಹಣೆ ತುಂಬ ವಿಭೂತಿ ಧರಿಸುವ ಶರಣರು. ನಾನು ಬಿಸ್ಮಿಲ್ಲಾ ಅಂತ ಕಾಲಿಟ್ಟರೆ ಅವರು ಶಿವಶಿವಾ ಅಂತ ಹಗ್ಗ ಹಿಡಿಯುತ್ತಾರೆ. ಎರಡೂ ಕಡೆಯಿಂದ ಬಂದೋಬಸ್ತು.

ಕೌದಿ

ಜಿಡಗಾದ ಹತ್ತಿರದ ಒಂದು ಊರು. ಶರಣರು ತಿರುಪು ಬಿಗಿಯುವ ಪಾನಾ ತರಲು ಜೀಪಿನ ಕಡೆ ಹೋಗಿದ್ದರು. ನಾನು ತುದಿಯಲ್ಲಿದ್ದೆ. ಇದ್ದಕ್ಕಿದ್ದಂತೆ ಕಂಬ ಒಂದೇ ಕಡೆಗೆ ಜಗ್ಗಿತು, ಬಿಟ್ಟಿತು, ಮತ್ತೆ ಜಗ್ಗಿತು. ಬಗ್ಗಿ ನೋಡಿದರೆ ಒಬ್ಬ ಮುದುಕಿ ನನ್ನ ತಂತಿಯ ಮೇಲೆ ಸಾಲಾಗಿ ನಾಕು ಹಸಿ ಕೌದಿ ಹರವಿದ್ದಾಳೆ. ಗಾಳಿ ತುಂಬಿಕೊಂಡು ಅವು ಹಡಗಿನ ಹಾಯಿಯಂತೆ ಉಬ್ಬುತ್ತಿವೆ.

"ಆಯೀ! ಕೌದಿ ತೆಗೀರಿ! ಕಂಬ ಬೀಳ್ತದ!"

"ಇನ್ನಾ ಒಣಗಿಲ್ಲೋ ತಮ್ಮಾ."

"ನಾ ಬೀಳ್ತೇನಿ ಆಯೀ!"

ಮುದುಕಿ ಹಣೆಗೆ ಕೈ ಅಡ್ಡ ಹಿಡಿದು ನನ್ನನ್ನು ನೋಡಿದಳು. ಆಮೇಲೆ ತನ್ನ ಅಂಗಳ ನೋಡಿದಳು.

"ಬೀಳಂಗಿದ್ರ ಆ ಕಡೆ ಬೀಳಪ್ಪಾ. ಈ ಕಡೆ ಸಂಡಿಗಿ ಹಾಕೇನಿ."

ಜಾಲಿ ಮುಳ್ಳು

ಹವಳಗಾದ ಹಾದಿ, ಕಬ್ಬಿನ ಸುಗ್ಗಿ. ಅವತ್ತು ಶುಕ್ರವಾರ. ಜುಮ್ಮಾ ನಮಾಜಿಗೆ ಹೊತ್ತಾಗುತ್ತದೆಂದು ಎರಡೇ ಪಿನ್ನು ನೋಡಿ ಏರಿಬಿಟ್ಟೆ. ತಪ್ಪು ನನ್ನದೇ, ದೇವರ ಹೆಸರಿನಲ್ಲಿ ಅವಸರ ಮಾಡಿದರೂ ಅವಸರ ಅವಸರವೇ. ಅರ್ಧಕ್ಕೆ ಹೋಗುವಷ್ಟರಲ್ಲಿ ಕಂಬ ತೂಗತೊಡಗಿತು. ಒಂದೊಂದೇ ಮೆಟ್ಟಿಲು, ಉಸಿರು ಹಿಡಿದು ಇಳಿದೆ. ಮೂರನೆಯ ತಂತಿಯ ತಿರುಪು ಇನ್ನೆರಡು ಸುತ್ತು ತಿರುಗಿದ್ದರೆ ಕಳಚಿ ಬರುತ್ತಿತ್ತು. ಪಿನ್ನಿನ ಜಾಗದಲ್ಲಿ ಒಂದು ಜಾಲಿ ಮುಳ್ಳು!

ಪಕ್ಕದ ಹೊಲದ ಟ್ರ್ಯಾಕ್ಟರಿನವನು ಮುಚ್ಚಿಡಲೇ ಇಲ್ಲ. "ಪಿನ್ನು ನಾನೇ ತೊಗೊಂಡೇನ್ರಿ ಚಾಚಾ. ಟ್ರಾಲಿ ಪಿನ್ನು ಕಳದಿತ್ತು. ಕಬ್ಬು ತುಂಬಿದ್ ಟ್ರಾಲಿ ಬಿಚ್ಚಿ ಹೋದ್ರ ಮಂದಿ ಸಾಯ್ತಾರಲ್ರಿ."

"ಕಂಬ ಬಿದ್ರ ನಾ ಸಾಯಂಗಿಲ್ಲೇನೋ? ಮುಳ್ಳು ಹಾಕಿ ಹೋಗೀದಿ!"

ಅವನ ಮುಖ ಸಣ್ಣದಾಯಿತು. ನಿಜವಾಗಿ ನೊಂದುಕೊಂಡ.

"ಹಳೇ ಮುಳ್ಳಲ್ರೀ ಚಾಚಾ. ವಾರಕ್ಕೊಮ್ಮೆ ತಪ್ಪದಂಗ ಬದಲಿ ಮಾಡೇನಿ."

ಅರಿವೆ

ಅವತ್ತಿನಿಂದ ಏರುವ ಮೊದಲು ಬಾಯಲ್ಲಿ ದುವಾ ಓದುತ್ತ ಮೂರೂ ತಂತಿಗಳನ್ನು ಹತ್ತಿಯ ಅರಿವೆಯಿಂದ ಒರೆಸಿಯೇ ಏರುತ್ತೇನೆ. ತಂತಿಯ ಎಳೆ ಹರಿದಿದ್ದರೆ ಅರಿವೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಕಡಗಂಚಿಯ ಆಚೆ ಒಂದು ದಿನ ಹಾಗೆ ಸಿಕ್ಕಿಕೊಂಡಿತು. ಏಳು ಎಳೆಯಲ್ಲಿ ಮೂರು ಹರಿದಿದ್ದವು. ಹಿಂದಿನ ತಿಂಗಳು ಇದೇ ಕಂಬದ ಮೇಲೆ ಗಾಳಿಯಲ್ಲಿ ಒಂದು ತಾಸು ಇದ್ದೆ. ತಂತಿಯ ಬುಡದಲ್ಲೇ ಕೂತುಬಿಟ್ಟೆ.

ಹೊಸ ತಂತಿ ಕಟ್ಟಿ ಮುಗಿಸುವಾಗ ಕೂಸು ಎತ್ತಿಕೊಂಡ ಒಬ್ಬಳು ಬಂದಳು. "ಬಾಯಾಗ ಓದಕೋತ ಸವರಿದ್ರಲ್ರಿ, ಆ ಅರಿವಿ ಕೊಡ್ರಿ ಚಾಚಾ. ಕೂಸಿಗಿ ಜ್ವರ."

"ತಾಯಿ, ಇದರಾಗ ಕಬ್ಬಿಣದ ಜಂಗು ಬಿಟ್ರ ಏನಿಲ್ಲ. ದವಾಖಾನಿಗಿ ಹೋಗವ್ವಾ."

"ಹೋಗಿ ಬಂದೇನ್ರಿ," ಎಂದಳು. "ಅವರೂ ಹಣಿ ಮ್ಯಾಲ ಅರಿವೀನೇ ಹಾಕಂದಾರ."

ಬಾಂದು

ಜೇವರ್ಗಿ ಕಡೆಯ ಒಂದೂರಲ್ಲಿ ಅಣ್ಣತಮ್ಮಂದಿರಿಬ್ಬರು ಮಾತು ಬಿಟ್ಟು ವರ್ಷಗಳಾಗಿದ್ದವು. ಇಬ್ಬರ ಹಿತ್ತಲಿನ ನಡುವಿನ ಗಡಿ, ಬಾಂದು, ಎಲ್ಲಿ ಎನ್ನುವುದೇ ಜಗಳ. ನಮ್ಮ ಕಂಬ ಆ ನಡುವಿನಲ್ಲೇ ನಿಂತಿತ್ತು. ಒಂದು ತಂತಿ ಅಣ್ಣನ ಕಡೆ ಇಳಿದಿತ್ತು.

ನಾನು ತುದಿಯಲ್ಲಿದ್ದೆ, ಗಾಳಿ ಎದ್ದಿತ್ತು. ಕೆಳಗೆ ಕಿರ್ರೆಂದು ಸದ್ದಾಯಿತು. ನೋಡಿದರೆ ಅಣ್ಣ ಪಿನ್ನು ಕಿತ್ತು, ತಿರುಪಿಗೆ ಕಬ್ಬಿಣದ ಸಳಿ ಹಾಕಿ ತಿರುಗಿಸುತ್ತಿದ್ದಾನೆ.

ಶರಣರು ಓಡಿ ಬಂದರು. "ಏನ್ ಮಾಡಾಕತ್ತೀರಿ ಗೌಡ್ರ? ಮ್ಯಾಲ ಚಾಚಾ ಅದಾರ!"

"ನನ್ನ ಪಾಲಿನ ಜಾಗಾ ಖುಲ್ಲಾ ಮಾಡಾಕತ್ತೇನಿ. ಮ್ಯಾಲಿಂದು ನನ್ನ ಪಾಲಿಗಿ ಬಂದಿಲ್ಲ."

ಶರಣರು ಸಳಿಗೆ ಕೈ ಹಾಕಿದರೆ ಭುಜದಿಂದ ದೂಡಿದ. ಒಂದೊಂದು ಸುತ್ತಿಗೂ ಕಂಬ ಆಚೆಗೆ ವಾಲಿತು. ನನ್ನ ಸೊಂಟದ ಪಟ್ಟಿ ಕಂಬಕ್ಕೇ ಕಟ್ಟಿತ್ತು. ಅದು ಹೋದರೆ ನಾನೂ ಹೋದೆ. ಕಣ್ಣು ಮುಚ್ಚಿ ಕಲ್ಮಾ ಓದತೊಡಗಿದೆ.

"ಈ ತಂತಿ ಬಿಚ್ಚಿದ್ರ ಕಂಬ ಆ ಕಡೆ ಬೀಳ್ತದ," ಶರಣರು ಕೂಗಿದರು, "ನಿಮ್ಮ ತಮ್ಮನ ಮನಿ ಮ್ಯಾಲ!"

ಅಣ್ಣನ ಕೈ ನಿಂತಿತು. "ಖರೇನೇ?"

"ಖರೇನ ರೀ!"

ಅವನು ಮೊದಲಿಗಿಂತ ಜೋರಾಗಿ ತಿರುಗಿಸತೊಡಗಿದ.

ಆಗ ತಮ್ಮನ ಮಾಳಿಗೆಯಿಂದ ಹೆಣ್ಣು ದನಿಯೊಂದು ಚೀರಿತು. "ಏನ್ರೀ! ನಾ ಇಲ್ಲೇ ಅದೇನಿ! ಮೆಣಸಿನಕಾಯಿ ಬಿಡಸಾಕ ಬಂದೇನಿ!"

ಅವನದೇ ಹೆಂಡತಿ! ಮಾತು ಬಿಟ್ಟಿದ್ದವರು ಗಂಡಂದಿರು ಮಾತ್ರ.

ಅಣ್ಣ ಬೆವರುತ್ತ ಉಲ್ಟಾ ತಿರುಗಿಸಿದ. ಎಷ್ಟು ತಿರುಗಿಸಿದನೆಂದರೆ ಕಂಬ ಈಗ ಅವನ ಮನೆಯ ಕಡೆಗೇ ವಾಲಿತು. ತಮ್ಮ ಓಡಿ ಬಂದು ಅವನ ಕೈ ಹಿಡಿದ. "ಸಾಕೋ ಅಣ್ಣಾ! ನಿನ್ನ ಮನಿ ಹೋಗ್ತದ!" ವರ್ಷಗಳ ಮೇಲೆ ಮೊದಲ ಮಾತು. ಶರಣರು ಪಿನ್ನು ಹಾಕಿದರು.

ಇಳಿದು ಬಂದೆ. ನೆಲಕ್ಕೆ ಹಣೆ ಹಚ್ಚಿ ಅಲ್ಲಾಹನಿಗೆ ಶುಕ್ರ್ ಹೇಳಿ ಎದ್ದರೆ ಇಬ್ಬರೂ ಎದುರಿಗೆ ಕೈಕಟ್ಟಿ ನಿಂತಿದ್ದರು. ಮಾಫಿ ಕೇಳಲು ಬಂದಿದ್ದಾರೆ ಅಂದುಕೊಂಡೆ.

ಅಣ್ಣ ಕೇಳಿದ, "ಚಾಚಾ, ಅಷ್ಟು ಎತ್ತರದಾಗ ಇದ್ರಿ. ನಮ್ಮ ಬಾಂದು ಎಲ್ಲಿ ಹಾದು ಹೋಗ್ಯದ, ಕಂಡಿತೇನ್ರಿ?"

ದೇವರೇ ಆಡಿಸಿದ ಹಾಗೆ ನನ್ನ ಬಾಯಿಂದ ಮಾತು ಬಂತು. "ಅಲ್ಲಿಂದ ನೋಡಿದ್ರ ಬಾಂದೇ ಕಾಣಂಗಿಲ್ಲಪ್ಪಾ. ಎರಡೂ ಕೂಡಿ ಒಂದೇ ಹಿತ್ತಲ ಕಾಣ್ತದ."

ಇಬ್ಬರೂ ಮುಖ ಮುಖ ನೋಡಿಕೊಂಡರು.

"ಅಂಜಿಕ್ಯಾಗ ಸರಿ ನೋಡಿಲ್ಲ ಅವರು," ಎಂದ ತಮ್ಮ, ಅಣ್ಣನಿಗೆ. ಆಮೇಲೆ ಬಲು ಮರ್ಯಾದೆಯಿಂದ ನನ್ನ ಕಡೆ ತಿರುಗಿದ. "ಇನ್ನೊಮ್ಮೆ ಏರ್ರಿ ಚಾಚಾ. ಈ ಸಲ ತಂತಿ ನಾವಿಬ್ಬರೂ ಹಿಡಕೊಂಡಿರ್ತೇವಿ."